ಮೂರು ಡಿಗ್ರಿ

ಸಂಡೂರಿನಾಚೆ, ಕೆಂಪು ಧೂಳಿನ ರಸ್ತೆ ಮುಗಿಯುವಲ್ಲಿ
ಒಂದೇ ಗುಡ್ಡಕ್ಕೆ ನಾಲ್ಕು ನಕ್ಷೆ.

ಒಂದು ಸಂಸ್ಥಾನದ ಕಾಲದ್ದು, ಬಟ್ಟೆಗೆ ಅಂಟಿಸಿದ್ದು,
ಯಾವುದು ಹಳ್ಳ, ಯಾವುದು ಮಡಿಕೆ ತಿಳಿಯದ್ದು.
ಒಂದು ಮದರಾಸಿನವರದು: ಸಂಡೂರಿನ ಗಡಿ ಬಂದೊಡನೆ
ಅವರ ಮಸಿ ನಿಲ್ಲುತ್ತದೆ,
ಆಚೆ ಭೂಮಿಯೇ ಇಲ್ಲವೆಂಬಂತೆ ಬರೀ ಬಿಳಿ.
ಗಣಿ ಕಂಪನಿಯ ನಕ್ಷೆಯಲ್ಲಿ ಉತ್ತರದ ಬಾಣ ಬಲು ದಪ್ಪ,
ಯಾವ ಉತ್ತರ ಎಂದು ಮಾತ್ರ ಬರೆದಿಲ್ಲ.
ನಾಲ್ಕನೆಯದು ಆಕಾಶದಿಂದ ಇಳಿದು
ನನ್ನ ಲ್ಯಾಪ್‌ಟಾಪಿನಲ್ಲಿದೆ.

ಒಂದರ ಮೇಲೊಂದು ಹಾಸಿದೆ, ಕೌದಿಯ ಹಾಗೆ.
ಶಾಲೆ ಹೋಗಿ ಕೆರೆಯಲ್ಲಿ ಕೂತಿತು.
ಸೇದುವ ಬಾವಿ ಬಸ್ಸಿನ ದಾರಿಯ ನಟ್ಟನಡುವೆ.
ಗೋರಿಗಳು ಗುಡ್ಡ ಹತ್ತಿದವು.
ಒಬ್ಬರ ಭೂಮಿ ಇನ್ನೊಬ್ಬರ ಭೂಮಿಗಿಂತ
ತುಸು ಹೆಚ್ಚು ದುಂಡಗಿದ್ದರೆ ಹೀಗೇ.
ಅದಕ್ಕೆ ಮದ್ದಿದೆ, ಏಳು ಅಂಕಿ:
ಇಷ್ಟು ಸರಿಸು, ಇಷ್ಟು ತಿರುಗಿಸು, ಒಂದು ಕೂದಲಷ್ಟು ಹಿಗ್ಗಿಸು.
ಏಳೂ ಕೊಟ್ಟೆ. ಶಾಲೆ ದಡ ಸೇರಿತು.
ಗೋರಿಗಳು ಇಳಿದು ಬಂದು ಮಲಗಿದವು.

ಹದಿನೇಳನೇ ಗಡಿಕಲ್ಲು ಮಾತ್ರ ಬರಲಿಲ್ಲ.

ಎರ್ರಿಸ್ವಾಮಿಯನ್ನು ಕರೆಸಿದೆ.
ಮೂವತ್ತು ವರ್ಷ ಚೈನು ಎಳೆದವನು, ಅವರಪ್ಪನೂ ಅದೇ ಚೈನು.
ಟವೆಲ್ಲಿನ ಗಂಟಿನಿಂದ ಹಿತ್ತಾಳೆಯ ದಿಕ್ಸೂಚಿ ತೆಗೆದ:
"ವಹೀದಮ್ಮಾ, ಇಲ್ಲಿ ಮುಳ್ಳು ನೆಟ್ಟಗ ನಿಲ್ಲಂಗಿಲ್ಲ.
ಕಬ್ಬಿಣ ಕಬ್ಬಿಣನ್ನ ಕರೀತೈತಿ."

ಹಳೆಯ ಫೀಲ್ಡ್ ಬುಕ್ಕಿನ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ,
ಯಾರದೋ ಸಣ್ಣ ಅಕ್ಷರ:
ಈ ಬಂಡೆಯ ಮೇಲೆ ಮುಳ್ಳು ಐದು ಡಿಗ್ರಿ ಪೂರ್ವಕ್ಕೆ ಎಳೆಯುತ್ತದೆ.

ಹಾಗಾದರೆ ನಿಜದ ಉತ್ತರ ಬೇಕು.
ಕತ್ತಲಾಗಲೆಂದು ಕಾದೆವು, ಬುತ್ತಿ ಬಿಚ್ಚಿ
ರೊಟ್ಟಿ, ಗುರೆಳ್ಳು ಚಟ್ನಿ, ಎರಡು ಈರುಳ್ಳಿ.
ಧೂಳು ಕೆಳಗಿಳಿದ ಮೇಲೆ ಧ್ರುವ ಕಂಡಿತು.
ಅದೂ ಪೂರಾ ನೆಟ್ಟಗಿಲ್ಲ, ಒಂದು ಸಣ್ಣ ಸುತ್ತು ಹಾಕುತ್ತದೆ;
ಆ ಸುತ್ತಿಗೊಂದು ಕೋಷ್ಟಕವಿದೆ, ಕಳೆದೆ.
ವರ್ಷ ವರ್ಷ ಮುಳ್ಳು ತಾನಾಗಿ ಸರಿಯುವುದಕ್ಕೂ
ಲೆಕ್ಕವಿದೆ, ಅದನ್ನೂ ಕಳೆದೆ.
ಬಂಡೆಯ ಮೇಲೆ ಟಾರ್ಚು ಹಿಡಿದು ಓದಿದೆವು:
ಮುಳ್ಳಿನ ಎಳೆತ ಈಗ ಎರಡೇ ಡಿಗ್ರಿ.

ಮತ್ತೆ ಓದಿದೆ. ಬೆಲ್ಟು ಬಿಚ್ಚಿಸಿದೆ, ಚಾಕು ದೂರ ಇಡಿಸಿದೆ,
ನನ್ನ ಬಳೆ ಗಾಜಿನದು, ಆದರೂ ತೆಗೆದೆ.
ಎರಡೇ.

"ಉಳಿದ ಮೂರು ಎಲ್ಲಿ ಹೋಯ್ತು, ಎರ್ರಿಸ್ವಾಮಿ?"
ಕೆಳಗೆ ಅದಿರಿನ ಗಾಡಿ ಹೋಗುತ್ತಿತ್ತು,
ಡಬ್ಬಿ ಡಬ್ಬಿ ಡಬ್ಬಿ, ಎಣಿಸಿ ಮುಗಿಯದಷ್ಟು.
ಅವನು ಆ ಕಡೆ ಗದ್ದ ಎತ್ತಿದ, ಅಷ್ಟೇ.

ಅವರಪ್ಪ ಬಂಡೆಯ ಮೇಲೆ ನಿಂತಾಗ
ಎದುರಿಗೆ ಗುಡ್ಡವಿತ್ತು.
ಈಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಗುಂಡಿ,
ತಳದಲ್ಲಿ ಹಸಿರು ನೀರು.
ಎಳೆಯುವವರಿಲ್ಲದೆ ಮುಳ್ಳು
ನಿಧಾನಕ್ಕೆ ನೆಟ್ಟಗಾಗುತ್ತಿದೆ.

ಬೆಳಿಗ್ಗೆ ಇಲ್ಲದ ಗುಡ್ಡವನ್ನು ಲೆಕ್ಕಕ್ಕೆ ಸೇರಿಸಿದೆ.
ಮೂರು ಡಿಗ್ರಿ, ಹದಿನೈದು ಚೈನು;
ಮುಳ್ಳು ತೋರಿದ ಜಾಗದಿಂದ ಐವತ್ತು ಅಡಿ ಆಚೆ
ಬಂದರಿಕೆ ಗಿಡದ ಬುಡದಲ್ಲಿ
ಕಲ್ಲು ಕೂತಿತ್ತು, ನಾವು ತಡವಾಗಿ ಬಂದಂತೆ.
ಎರ್ರಿಸ್ವಾಮಿ ಉಗುಳು ಹಚ್ಚಿ ಉಜ್ಜಿದ. ಹದಿನೇಳು.
ಸ್ವಲ್ಪ ಹೊತ್ತು ಅದರ ಮೇಲೇ ಕೈಯಿಟ್ಟುಕೊಂಡಿದ್ದ.

ನಮೂನೆಯಲ್ಲಿ ಒಂದು ಕಾಲಂ: ವ್ಯತ್ಯಾಸಕ್ಕೆ ಕಾರಣ.
ಎರಡು ಬೆರಳಷ್ಟು ಜಾಗ.
"ಗುಡ್ಡ ಕಡಿಮೆಯಾಗಿದೆ" ಎಂದು ಬರೆದೆ.

ಹನ್ನೊಂದು ದಿನಕ್ಕೆ ಕಡತ ತಿರುಗಿ ಬಂತು, ಕೆಂಪು ಮಸಿಯಲ್ಲಿ ಷರಾ:
ಉತ್ತರ ಅಸ್ಪಷ್ಟ. ಸರಿಪಡಿಸಿ ಕಳಿಸುವುದು.

ಹಾಳೆ ಹಾರದಿರಲೆಂದು ಅದರ ಮೇಲೆ
ಎರ್ರಿಸ್ವಾಮಿ ಕೊಟ್ಟ ದಿಕ್ಸೂಚಿ ಇಟ್ಟಿದ್ದೇನೆ.
ಬಳ್ಳಾರಿಯ ಈ ಕೋಣೆಯಲ್ಲಿ ಫ್ಯಾನು ತಿರುಗುವಾಗ
ಮುಳ್ಳು ತುಸು ನಡುಗಿ, ತುಸು ಯೋಚಿಸಿ,
ಮೂಲೆಯ ಕಬ್ಬಿಣದ ಬೀರುವಿನ ಕಡೆ ಹೊರಳುತ್ತದೆ,
ಗುರುತಿನವರನ್ನು ಕಂಡ ಹಾಗೆ.